ಕರುಳಿಗೆ 100ಕ್ಕೆ 54 ಅಂಕ ಬಂದಿದೆ, ಪುಡಿ ತಗೊಳ್ಳಲಾ?

ಪ್ರಶ್ನೆ: ನನಗೆ 52 ವರ್ಷ. ಬಹಳ ವರ್ಷದಿಂದ ಆಗಾಗ ಹೊಟ್ಟೆ ಉಬ್ಬರಿಸುತ್ತದೆ. ಬೆಂಗಳೂರಿನಲ್ಲಿರುವ ಮಗ ಕಿಟ್ ತರಿಸಿ ಮಲದ ಟೆಸ್ಟ್ ಮಾಡಿಸಿದ. ಆ್ಯಪ್‌ನಲ್ಲಿ ರಿಪೋರ್ಟ್ ಬಂದಿದೆ: ಕರುಳಿನ ಬ್ಯಾಕ್ಟೀರಿಯಾ ‘ವೈವಿಧ್ಯ ಕಮ್ಮಿ’, 100ಕ್ಕೆ 54 ಅಂಕ. ಜೊತೆಗೆ ಒಂದು ಪುಡಿ ತಗೊಳ್ಳಿ ಅಂತ ಸಲಹೆ. ತಗೊಳ್ಳಲಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಮೊದಲು ಆ 54ನ್ನು ಮರೆತುಬಿಡಿ. ಕರುಳಿಗೆ ಪಾಸು, ಫೇಲು ಅಂತ ಹೇಳಲು ಎಲ್ಲರೂ ಒಪ್ಪಿದ ಅಳತೆ ಇನ್ನೂ ಇಲ್ಲ. ಒಂದೇ ಸ್ಯಾಂಪಲ್ಲಿಗೆ ಎರಡು ಲ್ಯಾಬಿನಿಂದ ಎರಡು ಥರದ ರಿಪೋರ್ಟ್ ಬರುವುದೂ ಉಂಟು. ಅಂಕ ಕೊಟ್ಟವರೇ ಪುಡಿಯನ್ನೂ ಮಾರುತ್ತಿದ್ದರೆ ನನಗಂತೂ ಅನುಮಾನ.

ನಿಮ್ಮ ಕಡೆ ಅಡಿಕೆ ತೋಟದವರು ದಿನಾ ಬೆಳಿಗ್ಗೆ ಎಷ್ಟು ಇಂಚು ಮಳೆ ಬಂತು ಅಂತ ಬರೆದಿಡುತ್ತಾರಲ್ವಾ? ಆಗುಂಬೆಯಲ್ಲಿ ಜುಲೈನ ಒಂದು ದಿನ ಅಳೆದು ಇಡೀ ವರ್ಷದ ಮಳೆ ಹೇಳಿದರೆ ನೀವು ನಗುತ್ತೀರಿ. ನಿಮ್ಮ ರಿಪೋರ್ಟೂ ಒಂದು ದಿನದ ಮಳೆಯೇ.

2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಇಬ್ಬರು ಸುಮಾರು ಒಂದು ವರ್ಷ ಊಟ, ನಿದ್ದೆ, ಮಲ ಎಲ್ಲದರ ಲೆಕ್ಕ ಇಟ್ಟರು. ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ತಿಂಗಳುಗಟ್ಟಲೆ ದೊಡ್ಡ ಬದಲಾವಣೆ ಇಲ್ಲ. ಒಬ್ಬರು ವಿದೇಶಕ್ಕೆ ಹೋದಾಗ ಬ್ಯಾಕ್ಟೀರಿಯಾಗಳ ಲೆಕ್ಕ ಏರುಪೇರಾಯಿತು, ಮನೆಗೆ ಬಂದ ಮೇಲೆ ಮೊದಲಿನಂತಾಯಿತು. ಇನ್ನೊಬ್ಬರಿಗೆ ಸಾಲ್ಮೊನೆಲ್ಲಾ ಎಂಬ ರೋಗಾಣು ತಗಲಿ ಭೇದಿಯಾಯಿತು. ಅವರಲ್ಲಿ ಕೆಲವು ಬ್ಯಾಕ್ಟೀರಿಯಾ ಮತ್ತೆ ಮೊದಲಿನಷ್ಟು ಆಗಲೇ ಇಲ್ಲ. ದಿನಾ ಬರೆದಿಟ್ಟಿದ್ದಕ್ಕೇ ಇದೆಲ್ಲ ಗೊತ್ತಾಗಿದ್ದು.

ನೀವೂ ಬರೆಯಿರಿ. ಆ್ಯಪ್ ಬೇಡ, ಹಳೇ ನೋಟ್‌ಬುಕ್ ಸಾಕು. ಏನು ತಿಂದಿರಿ, ಎಷ್ಟು ಹೊತ್ತಿಗೆ, ಉಬ್ಬರ ಯಾವಾಗ, ಮಲ ಹೇಗಿತ್ತು, ಯಾವ ಮಾತ್ರೆ ನುಂಗಿದಿರಿ. ಆ್ಯಂಟಿಬಯಾಟಿಕ್ ತಗೊಂಡಿದ್ದರೆ ತಪ್ಪದೆ ಬರೆಯಿರಿ, ಅದರ ಪರಿಣಾಮ ವಾರಗಟ್ಟಲೆ ಇರುತ್ತದೆ. ಮೂರು ವಾರ ಆಗುವಷ್ಟರಲ್ಲಿ ಏನಾದರೂ ಕಾಣಬಹುದು: ಹಲಸಿನ ಹಣ್ಣು ತಿಂದ ಸಂಜೆಯೇ ಉಬ್ಬರವೋ, ಮೂರನೇ ಲೋಟ ಹಾಲಿನ ಕಾಫಿ ಆದ ಮೇಲೋ. ಹಾಲಿನ ಮೇಲೆ ಅನುಮಾನ ಬಂದರೆ ಎರಡು ವಾರ ಅದನ್ನಷ್ಟೇ ಬಿಟ್ಟು ನೋಡಿ. ಮಜ್ಜಿಗೆ ಎಷ್ಟೋ ಜನಕ್ಕೆ ಒಗ್ಗುತ್ತದೆ, ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾವೇ ಹಾಲಿನ ಸಕ್ಕರೆಯನ್ನು ಸ್ವಲ್ಪ ತಿಂದಿರುತ್ತದೆ. ಹಾಲು, ಹಲಸು ಎರಡೂ ಬಿಟ್ಟು ಪುಡಿಯನ್ನೂ ಶುರು ಮಾಡಿದಿರೋ, ಯಾವುದರಿಂದ ವಾಸಿ ಆಯ್ತು ಅಂತ ತಿಳಿಯುವುದೇ ಇಲ್ಲ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ನೋವು, ಮಲವಿಸರ್ಜನೆಯ ಅಭ್ಯಾಸ ಈಚೆಗೆ ಬದಲಾಗಿರುವುದು, ಇವುಗಳಲ್ಲಿ ಒಂದಿದ್ದರೂ ಮೂರು ವಾರ ಕಾಯಬೇಡಿ. ವೈದ್ಯರನ್ನು ಕಾಣಿ. ಹೋಗುವಾಗ ರಿಪೋರ್ಟ್ ಮರೆತರೂ ಪರವಾಗಿಲ್ಲ, ನೋಟ್‌ಬುಕ್ ತಗೊಂಡು ಹೋಗಿ.