ಉಸ್ತಾದ್‌ಗೆ ಸಿನಿಮಾ ಸೆಟ್‌ನಲ್ಲಿ ಕೆಲಸ ಇದೆಯೇ?

ಪ್ರಶ್ನೆ: ಸೇನೆಯಲ್ಲಿ ಹವಾಲ್ದಾರ್ ಆಗಿ ನಿವೃತ್ತನಾದವನು ನಾನು. ಸೇವೆಯ ಬಹುಪಾಲು ವೆಪನ್ ಟ್ರೈನಿಂಗ್ ಉಸ್ತಾದ್ ಆಗಿ ಫೈರಿಂಗ್ ರೇಂಜ್‌ನಲ್ಲೇ ಕಳೆಯಿತು. ಊರು ಕುಶಾಲನಗರ, ಈಗ ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಸಿನಿಮಾದಲ್ಲಿ ಗನ್ ಹಿಡಿಯೋದು ನೋಡಿದರೆ ಸಂಕಟ ಆಗುತ್ತದೆ. ನನ್ನ ಅನುಭವಕ್ಕೆ ಅಲ್ಲಿ ಕೆಲಸ ಸಿಗಬಹುದೇ? ಯಾರ ಪರಿಚಯವೂ ಇಲ್ಲ.

ಉತ್ತರ: ಸಿಗುತ್ತದೆ ಸರ್. ಆದರೆ ಆ ಹೆಸರಿನ ಹುದ್ದೆ ಹುಡುಕಿದರೆ ಸಿಗೋದು ಕಷ್ಟ. ಹಾಲಿವುಡ್‌ನಲ್ಲಿ ಆರ್ಮರರ್ ಅಂತಲೇ ಒಬ್ಬರಿರುತ್ತಾರೆ. ಸೆಟ್‌ಗೆ ಬರುವ ಪ್ರತಿ ಗನ್ನೂ ಅವರ ಜವಾಬ್ದಾರಿ. ನಾನು ಕೆಲಸ ಮಾಡಿದ ಕನ್ನಡ ಸಿನಿಮಾಗಳಲ್ಲಿ ಗನ್ ಅಂದರೆ ಪ್ರಾಪರ್ಟಿ. ಬಾಡಿಗೆಗೆ ತಂದು ಲೆಕ್ಕ ಇಡೋದು ಆರ್ಟ್ ಡಿಪಾರ್ಟ್‌ಮೆಂಟಿನ ನನ್ನಂಥವರು. ಹೇಗೆ ಬಳಸಬೇಕು ಅಂತ ಹೇಳೋದು ಫೈಟ್ ಮಾಸ್ಟರ್. ಇವರಿಬ್ಬರ ನಡುವೆ ಇರೋ ಖಾಲಿ ಜಾಗವೇ ನಿಮ್ಮದು.

ಒಳಗೆ ಬರಲು ಸುಲಭದ ದಾರಿ ನಟರ ತರಬೇತಿ. ಡಮ್ಮಿ ರೈಫಲ್ ಹಗುರ, ಹಿಂದಕ್ಕೆ ಒದೆಯೋದಿಲ್ಲ. ಹಾಗಾಗಿ ಹುಡುಗರು ಮಣಿಕಟ್ಟು ಕುಣಿಸಿ ಫೈರಿಂಗ್ ತೋರಿಸುತ್ತಾರೆ. ಒದೆತ ಬೀಳೋದು ಭುಜಕ್ಕೆ, ಕೆನ್ನೆ ರೈಫಲ್ಲಿನ ಹಿಂಭಾಗದ ಬಟ್‌ಗೆ ಒತ್ತಿರಬೇಕು ಅಂತ ನೀವು ನಿಂತು ತೋರಿಸಿದರೆ ಅರ್ಧ ಗಂಟೆಯಲ್ಲಿ ಶಾಟ್ ಬದಲಾಗುತ್ತದೆ. ಸ್ಕ್ರಿಪ್ಟ್‌ನಲ್ಲೂ ನಿಮಗೆ ಕೆಲಸ ಇದೆ. ಸೇನೆಯ 9 ಎಂಎಂ ಪಿಸ್ತೂಲಿನ ಮ್ಯಾಗಜೀನ್‌ನಲ್ಲಿ 13 ಗುಂಡು, ಇನ್ಸಾಸ್ ರೈಫಲ್‌ನಲ್ಲಿ 20. ಹೀರೋ ಎಲ್ಲಿ ರೀಲೋಡ್ ಮಾಡಬೇಕು ಅಂತ ನೀವು ಬರೆದುಕೊಟ್ಟರೆ ನಿರ್ದೇಶಕರ ಅಸೋಸಿಯೇಟ್‌ಗಳು ನಿಮ್ಮ ನಂಬರ್ ಇಟ್ಟುಕೊಳ್ಳುತ್ತಾರೆ.

ಸುರಕ್ಷತೆಯ ಮಾತು ನಂತರ ತಾನಾಗಿ ಬರುತ್ತದೆ. ನಮ್ಮಲ್ಲಿ ಫೈಬರ್, ರಬ್ಬರ್ ಗನ್‌ಗಳೇ ಜಾಸ್ತಿ, ಬೆಂಕಿ ಕಿಡಿ ಕಂಪ್ಯೂಟರ್‌ನಲ್ಲಿ ಸೇರಿಸುತ್ತಾರೆ. ಹಾಗಿದ್ದ ಮೇಲೆ ನೀವು ಯಾಕೆ ಬೇಕು ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಅವರಿಗೆ ‘ರಸ್ಟ್’ ಅನ್ನೋ ಸಿನಿಮಾದ ಸೆಟ್‌ನಲ್ಲಿ ಆದದ್ದನ್ನು ಹೇಳಿ. 2021ರ ಅಕ್ಟೋಬರ್ 21, ಅಮೆರಿಕದ ನ್ಯೂ ಮೆಕ್ಸಿಕೊ. ರಿವಾಲ್ವರ್‌ನಲ್ಲಿ ಡಮ್ಮಿ ಗುಂಡುಗಳ ಜೊತೆ ಒಂದು ನಿಜವಾದ ಗುಂಡು ಸೇರಿಕೊಂಡಿತ್ತು. ಛಾಯಾಗ್ರಾಹಕಿ ಹಲೈನಾ ಹಚಿನ್ಸ್ ಸತ್ತರು, ನಿರ್ದೇಶಕರಿಗೆ ಗಾಯವಾಯಿತು. ಆ ಸೆಟ್‌ನ ಆರ್ಮರರ್‌ಗೆ 2024ರಲ್ಲಿ 18 ತಿಂಗಳ ಶಿಕ್ಷೆಯಾಯಿತು. ಅಲ್ಲಿ ಬಳಸುವ ಎಷ್ಟೋ ಡಮ್ಮಿಗಳ ಒಳಗೆ ಮದ್ದಿನ ಬದಲು ಉಕ್ಕಿನ ಸಣ್ಣ ಗೋಲಿ ಇರುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ. ಒಂದೊಂದನ್ನೂ ಹಾಗೆ ಅಲ್ಲಾಡಿಸಿ ನೋಡಲು ಎಷ್ಟು ಹೊತ್ತು ಬೇಕು ಹೇಳಿ?

1993ರಲ್ಲಿ ನಟ ಬ್ರ್ಯಾಂಡನ್ ಲೀ ಸತ್ತದ್ದು ಇನ್ನೊಂದು ಬಗೆ. ಹಿಂದಿನ ಶಾಟ್‌ನ ಡಮ್ಮಿಯ ಮೊನೆ ಬ್ಯಾರಲ್‌ನಲ್ಲೇ ಸಿಕ್ಕಿಕೊಂಡಿತ್ತು. ಆಮೇಲೆ ಹಾರಿಸಿದ ಬ್ಲ್ಯಾಂಕ್ ಅದನ್ನು ಹೊರಕ್ಕೆ ತಳ್ಳಿತು. ಬ್ಲ್ಯಾಂಕ್‌ನಲ್ಲಿ ಗುಂಡಿಲ್ಲದಿದ್ದರೂ ಮದ್ದು ಇದೆ ಅಲ್ವಾ? ಚೇಂಬರ್ ನೋಡು, ಬ್ಯಾರಲ್ ನೋಡು ಅಂತ ನೀವು ಜವಾನರಿಗೆ ದಿನಾ ಹೇಳಿಕೊಟ್ಟದ್ದನ್ನೇ ಅಲ್ಲಿ ಯಾರೂ ಮಾಡಲಿಲ್ಲ.

ಇನ್ನು ನಿಮ್ಮೂರಿನ ಕಡೆಯ ಮಾತು. ಕೊಡಗಿನ ತೋಟದ ಮನೆಯಲ್ಲಿ ಶೂಟಿಂಗ್ ಇಟ್ಟುಕೊಂಡಾಗ ಗೋಡೆ ಮೇಲಿನ ಕೋವಿ ಕಂಡು ಕ್ಯಾಮೆರಾದವರಿಗೆ ಆಸೆ ಹುಟ್ಟುತ್ತದೆ. ‘ಇದನ್ನೇ ಕೊಡ್ರೀ, ಒಂದೇ ಶಾಟ್’ ಅಂತಾರೆ. ಕೊಡಲೇಬೇಡಿ. ಕೊಡವರಿಗೂ ಜಮ್ಮಾ ಅನ್ನೋ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇರುವುದು ಅವರ ಕೋವಿ ಅವರ ಬಳಿ ಇರಲಿ ಅಂತ, ಸಿನಿಮಾದವರ ಕೈಗೆ ಕೊಡಲಿ ಅಂತ ಅಲ್ಲ. ಆ ಮನೆಯ ತೋಟಾಗಳು ಬೀರುವಿನಲ್ಲಿ ಬೀಗದೊಳಗೆ ಇವೆಯಾ ಅಂತ ಶೂಟಿಂಗ್ ಶುರುವಾಗೋ ಮೊದಲೇ ಮನೆಯವರನ್ನು ಕೇಳಿ.

ರಸ್ತೆಯಲ್ಲಿ ಶೂಟಿಂಗ್ ಇದ್ದರೆ ಡಮ್ಮಿ ಗನ್ನೇ ಆದರೂ ಹತ್ತಿರದ ಪೊಲೀಸ್ ಠಾಣೆಗೆ ಮೊದಲೇ ತಿಳಿಸಬೇಕು, ಮುಚ್ಚಿದ ಪೆಟ್ಟಿಗೆಯಲ್ಲೇ ಸಾಗಿಸಬೇಕು. ಇದನ್ನು ಮ್ಯಾನೇಜರ್‌ಗೆ ನೆನಪಿಸುವವರು ಸಿಕ್ಕರೆ ನನಗೇ ಎಷ್ಟೋ ನೆಮ್ಮದಿ.

ಕಷ್ಟದ್ದು ಒಂದಿದೆ. ರೇಂಜ್‌ನಲ್ಲಿ ನೀವು ‘ರುಕ್’ ಅಂದರೆ ಎಲ್ಲರೂ ನಿಲ್ಲುತ್ತಿದ್ದರು. ಇಲ್ಲಿ ಬೆಳಕು ಹೋಗುತ್ತಿದೆ, ಹೀರೋ ಕಾಲ್‌ಶೀಟ್ ಮುಗಿಯುತ್ತಿದೆ ಅಂತ ಎಲ್ಲರೂ ಓಡುತ್ತಿರುತ್ತಾರೆ. 2016ರ ನವೆಂಬರ್‌ನಲ್ಲಿ ‘ಮಾಸ್ತಿಗುಡಿ’ ಸಿನಿಮಾದ ಶೂಟಿಂಗ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರ್‌ನಿಂದ ಜಿಗಿದ ನಟರಾದ ಅನಿಲ್ ಮತ್ತು ಉದಯ್ ಮುಳುಗಿ ಸತ್ತರು. ಅಲ್ಲಿ ಗನ್ ಇರಲಿಲ್ಲ. ಶಾಟ್ ತಡೆಯುವ ಅಧಿಕಾರ ಇರುವ ಒಬ್ಬರು ಅಲ್ಲಿ ಇರಬೇಕಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಅದಕ್ಕೇ ಸಂಬಳಕ್ಕಿಂತ ಮೊದಲು ಇದನ್ನು ಮಾತಾಡಿಕೊಳ್ಳಿ. ನೀವು ಬೇಡ ಅಂದರೆ ಶಾಟ್ ನಿಲ್ಲಬೇಕು ಅಂತ ನಿರ್ದೇಶಕರು, ಫೈಟ್ ಮಾಸ್ಟರ್ ಇಬ್ಬರ ಎದುರೂ ಹೇಳಿ, ಒಪ್ಪಂದದ ಕಾಗದದಲ್ಲಿ ಬರೆಸಿ. ಸೆಕ್ಯುರಿಟಿ ಕೆಲಸ ಸದ್ಯಕ್ಕೆ ಬಿಡಬೇಡಿ. ಮೊದಲ ಸಿನಿಮಾಗಳಲ್ಲಿ ಸಿಗುವುದು ದಿನದ ಲೆಕ್ಕದ ದುಡ್ಡು, ಅದೂ ಕೆಲವೊಮ್ಮೆ ತಡವಾಗಿ. ಕಿರುಚಿತ್ರ, ವೆಬ್ ಸರಣಿ ಮಾಡುವ ಹುಡುಗರಿಂದ ಶುರು ಮಾಡಿ. ಟೈಟಲ್ ಕಾರ್ಡ್‌ನಲ್ಲಿ ‘ಆಯುಧ ತರಬೇತಿ ಮತ್ತು ಸುರಕ್ಷತೆ’ ಅಂತ ನಿಮ್ಮ ಹೆಸರು ಹಾಕಿಸಿಕೊಳ್ಳಿ. ಮುಂದಿನ ನಿರ್ಮಾಪಕರ ಹತ್ತಿರ ಹೋದಾಗ ಅದೇ ನಿಮ್ಮ ಪರಿಚಯ.