ಧೂಮಕೇತುವಿನ ದಾರಿ ಗೊತ್ತು, ಬೆಳಕು ಗೊತ್ತಿಲ್ಲ: ಏಕೆ?

ಪ್ರಶ್ನೆ: 2024ರ ಏಪ್ರಿಲ್ ಮೊದಲ ವಾರದಲ್ಲಿ ನಮ್ಮ ಅಡಿಕೆ ತೋಟದ ಬದುವಿನ ಮೇಲೆ ನಿಂತು ಪಾನ್ಸ್–ಬ್ರೂಕ್ಸ್ ಧೂಮಕೇತುವನ್ನು ಹುಡುಕಿದೆ. ಮೊಬೈಲ್ ಆ್ಯಪ್ ತೋರಿಸಿದ ಜಾಗದಲ್ಲೇ ಅದು ಬೈನಾಕ್ಯುಲರ್‌ಗೆ ಸಿಕ್ಕಿತು. ಆದರೆ ಕಾಂತಿಮಾನ (ಹೊಳಪಿನ ಅಳತೆ; ಸಂಖ್ಯೆ ಕಡಿಮೆಯಾದಷ್ಟೂ ಹೊಳಪು ಹೆಚ್ಚು) 4.5 ಎಂದು ಬರೆದಿದ್ದರೂ ಬರಿಗಣ್ಣಿಗೆ ಕಾಣಲಿಲ್ಲ. ಅಷ್ಟೇ ಕಾಂತಿಮಾನದ ನಕ್ಷತ್ರಗಳು ಮೇಲಿನ ಆಕಾಶದಲ್ಲಿ ಕಾಣುತ್ತಿದ್ದವು. ಜಾಗವನ್ನು ಅಷ್ಟು ಕರಾರುವಾಕ್ಕಾಗಿ ಹೇಳುವವರಿಗೆ ಬೆಳಕನ್ನು ಹೇಳಲು ಏಕೆ ಆಗುವುದಿಲ್ಲ? ನನ್ನಂಥವರು ಬೆಳಕನ್ನು ಅಳೆದರೆ ಯಾರಿಗಾದರೂ ಉಪಯೋಗವಿದೆಯೇ?
— ಓದುಗರೊಬ್ಬರು, ಹೊಳಲ್ಕೆರೆ ತಾಲ್ಲೂಕು

ಉತ್ತರ: ನಿಮಗೆ ಕಾಣದೆ ಹೋದದ್ದಕ್ಕೆ ಕಾರಣ ಮೊದಲು ಹೇಳುತ್ತೇನೆ. ನಕ್ಷತ್ರದ ಬೆಳಕೆಲ್ಲ ಒಂದೇ ಬಿಂದುವಿನಲ್ಲಿರುತ್ತದೆ. ಧೂಮಕೇತುವಿನ ಅಷ್ಟೇ ಬೆಳಕು ಅದರ ನಾಭಿಯ, ಎಂದರೆ ನಡುವಿನ ಗಟ್ಟಿ ಭಾಗದ, ಸುತ್ತಲಿನ ಅನಿಲ ಮತ್ತು ಧೂಳಿನ ಮುಸುಕಿನಲ್ಲಿ ಹರಡಿಕೊಂಡಿರುತ್ತದೆ. ವೀಳ್ಯದೆಲೆಯ ಮೇಲಿನ ಒಂದು ಚುಕ್ಕೆ ಸುಣ್ಣ ದೂರದಿಂದಲೇ ಬೆಳ್ಳಗೆ ಕಾಣುತ್ತದೆ, ಅದೇ ಸುಣ್ಣವನ್ನು ಎಲೆಯ ತುಂಬ ತೀಡಿದರೆ ಎಲೆಯ ಹಸಿರೇ ಕಾಣುತ್ತದೆ. ಆ್ಯಪ್ ಬರೆಯುವ 4.5 ಎಂಬುದು ಆ ಹರಡಿದ ಬೆಳಕನ್ನೆಲ್ಲ ಕೂಡಿಸಿದ ಮೊತ್ತ. ಸಾಲದ್ದಕ್ಕೆ, ಆ ದಿನಗಳಲ್ಲಿ ನಮ್ಮ ಜಿಲ್ಲೆಯಿಂದ ನೋಡುವವರಿಗೆ ಅದು ಕತ್ತಲಾಗುವ ಹೊತ್ತಿಗೆ ಪಶ್ಚಿಮ ದಿಗಂತದ ಸಮೀಪಕ್ಕೆ ಇಳಿದಿರುತ್ತಿತ್ತು. 10 ಡಿಗ್ರಿ ಎತ್ತರದಲ್ಲಿ ನಾವು ನೆತ್ತಿಯ ಮೇಲಿನದಕ್ಕಿಂತ ಐದು ಪಟ್ಟಿಗೂ ಹೆಚ್ಚು ದಪ್ಪದ ಗಾಳಿಯ ಮೂಲಕ ನೋಡುತ್ತಿರುತ್ತೇವೆ. ನಿರ್ಮಲ ರಾತ್ರಿಯಲ್ಲೂ ಹೆಚ್ಚುಕಡಿಮೆ ಒಂದು ಕಾಂತಿಮಾನದಷ್ಟು ಬೆಳಕು ಅಲ್ಲಿ ನಷ್ಟವಾಗುತ್ತದೆ, ಬಯಲುಸೀಮೆಯ ಬೇಸಿಗೆಯ ಧೂಳಿದ್ದರೆ ಇನ್ನೂ ಹೆಚ್ಚು.

ಇನ್ನು ಜಾಗದ ಮಾತು. ಕಕ್ಷೆಯನ್ನು ಹೇಳಲು ಆರು ಸಂಖ್ಯೆಗಳು ಸಾಕು: ಅದು ಎಷ್ಟು ಉದ್ದನೆಯ ಅಂಡಾಕಾರ, ಸೂರ್ಯನಿಗೆ ಎಷ್ಟು ಹತ್ತಿರ ಬರುತ್ತದೆ, ಎಷ್ಟು ಓರೆಯಾಗಿದೆ, ಯಾವ ದಿಕ್ಕಿಗೆ ತಿರುಗಿದೆ ಎಂಬುದಕ್ಕೆ ಎರಡು ಕೋನಗಳು, ಮತ್ತು ಪುರರವಿಯನ್ನು, ಎಂದರೆ ಸೂರ್ಯನಿಗೆ ಅತ್ಯಂತ ಸಮೀಪದ ಬಿಂದುವನ್ನು, ಮುಟ್ಟುವ ಗಳಿಗೆ. ಉಳಿದದ್ದು ಗುರುತ್ವದ ಲೆಕ್ಕ. ಅದರಲ್ಲಿ ಗುರು ಗ್ರಹದ ಸೆಳೆತವೇ ದೊಡ್ಡ ತೊಡಕು. ಇಂಗ್ಲಿಷ್ ಖಗೋಳಜ್ಞ ಎಡ್ಮಂಡ್ ಹ್ಯಾಲಿ 1758ರ ಸುಮಾರಿಗೆ ಮರಳುತ್ತದೆಂದು ಹೇಳಿದ್ದ, ಈಗ ಅವರದೇ ಹೆಸರಿನ ಧೂಮಕೇತುವಿಗೆ ಗುರುವಿನಿಂದ 518 ದಿನ, ಶನಿಯಿಂದ 100 ದಿನ ತಡವಾಗುತ್ತದೆಂದು ಫ್ರಾನ್ಸಿನ ಕ್ಲೇರೋ, ಲಾಲಾಂದ್ ಮತ್ತು ನಿಕೋಲ್–ರೇನ್ ಲೆಪೋಟ್ ತಿಂಗಳುಗಟ್ಟಲೆ ಕೂತು ಕೈಯಲ್ಲೇ ಲೆಕ್ಕ ಹಾಕಿದರು. 1759ರ ಏಪ್ರಿಲ್ ಮಧ್ಯಭಾಗ, ಒಂದು ತಿಂಗಳು ಆಚೀಚೆ ಎಂದರು; ಅದು ಪುರರವಿಯನ್ನು ಮುಟ್ಟಿದ್ದು ಮಾರ್ಚ್ 13ರಂದು. ಆ ಶ್ರಮವನ್ನು ನೆನೆದಾಗಲೆಲ್ಲ ನನಗೆ ಕೈಮುಗಿಯಬೇಕೆನಿಸುತ್ತದೆ.

ಗುರುತ್ವವಷ್ಟೇ ಆಗಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. 3.3 ವರ್ಷಕ್ಕೊಮ್ಮೆ ಸುತ್ತುವ ಎಂಕೆ ಧೂಮಕೇತು ಪ್ರತಿ ಸುತ್ತಿನಲ್ಲೂ ಸುಮಾರು ಎರಡೂವರೆ ಗಂಟೆ ಮುಂಚೆಯೇ ಬರುತ್ತಿರುವುದನ್ನು ಯೋಹಾನ್ ಎಂಕೆ 19ನೇ ಶತಮಾನದಲ್ಲೇ ಕಂಡಿದ್ದರು. ಕಾರಣ ಸಿಕ್ಕಿದ್ದು 1950ರಲ್ಲಿ. ಧೂಮಕೇತುವಿನ ನಾಭಿ ಮಂಜುಗಡ್ಡೆಯೂ ಧೂಳೂ ಬೆರೆತ ಗಟ್ಟಿ. ಬಿಸಿಲು ಬಿದ್ದ ಕಡೆಯಿಂದ ಚಿಮ್ಮುವ ಆವಿ ಅದನ್ನು ಎದುರು ದಿಕ್ಕಿಗೆ ತಳ್ಳುತ್ತದೆ ಎಂದು ಅಮೆರಿಕದ ಖಗೋಳಜ್ಞ ಫ್ರೆಡ್ ವಿಪ್ಪಲ್ ತೋರಿಸಿದರು. ನಾಭಿ ತನ್ನ ಸುತ್ತ ತಿರುಗುವ ದಿಕ್ಕಿಗೆ ತಕ್ಕಂತೆ ಈ ತಳ್ಳುವಿಕೆ ಒಂದನ್ನು ಬೇಗ ಬರಿಸುತ್ತದೆ, ಇನ್ನೊಂದನ್ನು ತಡಮಾಡಿಸುತ್ತದೆ. ಹ್ಯಾಲಿ ಧೂಮಕೇತುವಿಗೆ ಪ್ರತಿ ಸುತ್ತಿಗೂ ನಾಲ್ಕು ದಿನದಷ್ಟು ತಡವಾಗುತ್ತದೆ. ಹಲವು ಸುತ್ತು ನೋಡಿದ ಮೇಲೆ ಇದನ್ನೂ ಲೆಕ್ಕದೊಳಗೆ ಸೇರಿಸಬಹುದು. ಹ್ಯಾಲಿಯ ಮುಂದಿನ ಪುರರವಿ 2061ರ ಜುಲೈ 28 ಎಂದು ಈಗಲೇ ಬರೆದಿಟ್ಟಿರುವುದು ಹಾಗೆ.

ಬೆಳಕಿಗೆ ಇಂಥ ಆಧಾರವಿಲ್ಲ, ಏಕೆಂದರೆ ದಾರಿಯನ್ನು ಒಂದಿಷ್ಟು ಮಾತ್ರ ಅಲುಗಿಸುವ ಈ ಆವಿ, ಧೂಳುಗಳೇ ಬೆಳಕನ್ನು ಪೂರ್ತಿ ನಿರ್ಧರಿಸುತ್ತವೆ. ಬರೀ ಬಿಸಿಲನ್ನು ಪ್ರತಿಫಲಿಸುವ ಕ್ಷುದ್ರಗ್ರಹವು ಸೂರ್ಯನಿಂದಿರುವ ದೂರ ಅರ್ಧಕ್ಕಿಳಿದರೆ 4 ಪಟ್ಟು ಬೆಳಗುತ್ತದೆ (ನಮ್ಮಿಂದಿರುವ ದೂರವನ್ನು ಬೇರೆಯಾಗಿ ಲೆಕ್ಕ ಹಾಕುತ್ತಾರೆ). ಧೂಮಕೇತು ಹತ್ತಿರ ಬಂದಷ್ಟೂ ಹೊಸ ಧೂಳನ್ನು ಉಗುಳುವುದರಿಂದ ಸಾಮಾನ್ಯವಾಗಿ 16 ಪಟ್ಟು ಎಂದು ಹಿಡಿಯುವುದು ರೂಢಿ. ಆದರೆ ಒಂದು 64 ಪಟ್ಟು ಏರಬಹುದು, ಇನ್ನೊಂದು ಹತ್ತನ್ನೂ ಮುಟ್ಟದಿರಬಹುದು. ಯಾವುದು ಹೇಗೆಂಬುದು ನೋಡಿದ ಮೇಲಷ್ಟೇ ತಿಳಿಯುವ ಮಾತು. ಜೊತೆಗೆ ಒಮ್ಮೊಮ್ಮೆ ಹಠಾತ್ ಸ್ಫೋಟಗಳಾಗುತ್ತವೆ. ನೀವು ನೋಡಿದ ಪಾನ್ಸ್–ಬ್ರೂಕ್ಸ್ 2023ರ ಜುಲೈನಲ್ಲಿ, ಸೂರ್ಯನಿಂದ ಇನ್ನೂ ಬಹುದೂರದಲ್ಲಿದ್ದಾಗ, ಏಕಾಏಕಿ ನೂರು ಪಟ್ಟಿನಷ್ಟು ಬೆಳಗಿತು. 2007ರ ಅಕ್ಟೋಬರ್‌ನಲ್ಲಿ ಹೋಮ್ಸ್ ಧೂಮಕೇತು ದೊಡ್ಡ ದೂರದರ್ಶಕಕ್ಕಷ್ಟೇ ಸಿಗುವ 17ನೇ ಕಾಂತಿಮಾನದಿಂದ ಎರಡೇ ದಿನದೊಳಗೆ 3ರ ಆಸುಪಾಸಿಗೆ ಏರಿ ಬರಿಗಣ್ಣಿಗೆ ಕಂಡಿತು. ಆಗ ಯಾವ ಸೂತ್ರವೂ ಅದನ್ನು ಮುಂಚಿತವಾಗಿ ಹೇಳಿರಲಿಲ್ಲ.

ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಖಂಡಿತ ಉಪಯೋಗವಿದೆ. ಬೈನಾಕ್ಯುಲರ್ ಹಿಡಿದ ಸಾಮಾನ್ಯ ವೀಕ್ಷಕರ ಅಂದಾಜುಗಳು ಇಂದಿಗೂ ಧೂಮಕೇತುಗಳ ಬೆಳಕಿನ ದಾಖಲೆಯ ದೊಡ್ಡ ಪಾಲು. ಅಳೆಯುವ ಕ್ರಮ ಹೀಗಿದೆ. ಧೂಮಕೇತುವನ್ನು ಸ್ಪಷ್ಟ ಫೋಕಸ್‌ನಲ್ಲಿ ನೋಡಿ, ಅದರ ಮುಸುಕಿನ ಗಾತ್ರವನ್ನೂ ಸರಾಸರಿ ಹೊಳಪನ್ನೂ ಮನಸ್ಸಿಗೆ ತಂದುಕೊಳ್ಳಿ. ಬಳಿಕ ಹತ್ತಿರದ ನಕ್ಷತ್ರವೊಂದಕ್ಕೆ ತಿರುಗಿ, ಅದು ಉಬ್ಬಿ ಅಷ್ಟೇ ಗಾತ್ರದ ಬಿಲ್ಲೆಯಾಗುವವರೆಗೆ ಫೋಕಸ್ ಚಕ್ರವನ್ನು ತಿರುಗಿಸಿ. ಈಗ ಎರಡೂ ಹರಡಿದ ಬೆಳಕುಗಳೇ ಆದುದರಿಂದ ಹೋಲಿಕೆ ನ್ಯಾಯವಾಗುತ್ತದೆ. ಆ ವಾರ ಧೂಮಕೇತು ಮೇಷ ರಾಶಿಯಲ್ಲಿತ್ತು, ಭರಣಿಯ ಮೂರು ನಕ್ಷತ್ರಗಳು ಸ್ವಲ್ಪ ಉತ್ತರಕ್ಕಿದ್ದವು. ಅವುಗಳಲ್ಲಿ ಪ್ರಖರವಾದದ್ದರ ಕಾಂತಿಮಾನ 3.6, ಮತ್ತೊಂದರದು 4.5. ಧೂಮಕೇತು ಮೊದಲನೆಯದಕ್ಕಿಂತ ಮಂಕು, ಎರಡನೆಯದಕ್ಕಿಂತ ತುಸು ಪ್ರಕಾಶ ಎನಿಸಿದರೆ ಅಂತರವನ್ನು ಹತ್ತು ಪಾಲು ಮಾಡಿ ಎಷ್ಟನೆಯ ಪಾಲಿನಲ್ಲಿದೆ ಎಂದು ಅಂದಾಜಿಸಿ. ಎಂಟನೆಯ ಪಾಲು ಎನಿಸಿದರೆ 4.3 ಎಂದಾಯಿತು. ಹೋಲಿಕೆಯ ನಕ್ಷತ್ರ ಧೂಮಕೇತುವಿನಷ್ಟೇ ಎತ್ತರದಲ್ಲಿರಲಿ. ಇಲ್ಲದಿದ್ದರೆ ದಿಗಂತದ ಧೂಳು ಲೆಕ್ಕ ಕೆಡಿಸುತ್ತದೆ. ಆ್ಯಪ್‌ನ ಸಂಖ್ಯೆಯನ್ನು ಮಾತ್ರ ಅಳತೆಗೆ ಮುಂಚೆ ದಯವಿಟ್ಟು ನೋಡಬೇಡಿ, ಕಣ್ಣು ಅದರ ಕಡೆಗೇ ವಾಲುತ್ತದೆ.

ಬರೆದಿಡುವಾಗ ಸಮಯವನ್ನು ವಿಶ್ವಮಾನಕ್ಕೆ, ಎಂದರೆ ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದು, ದಿನದ ದಶಮಾಂಶದಲ್ಲಿ ಬರೆಯಬೇಕು: ಏಪ್ರಿಲ್ 5ರ ಸಂಜೆ 7.15 ಎಂದರೆ ಏಪ್ರಿಲ್ 5.57. ಬೈನಾಕ್ಯುಲರ್‌ನ ಅಳತೆ, ಮುಸುಕಿನ ವ್ಯಾಸ, ಅದರ ನಡುಭಾಗ ಎಷ್ಟು ಗಟ್ಟಿಯಾಗಿ ಕಾಣುತ್ತದೆ ಎಂಬುದಕ್ಕೆ 0ಯಿಂದ 9ರವರೆಗಿನ ಅಂಕ, ಇವೂ ಬೇಕು. ಸ್ಲೊವೇನಿಯಾದ ವೀಕ್ಷಣಾಲಯವೊಂದು ನಡೆಸುವ ಕಾಬ್ಸ್ ಎಂಬ ಸಂಗ್ರಹಕ್ಕೆ ಯಾರು ಬೇಕಾದರೂ ಇವನ್ನು ಸಲ್ಲಿಸಬಹುದು.

ಪ್ರಶ್ನೆ: ದಾವಣಗೆರೆಯ ಮನೆ ತಾರಸಿಯಿಂದ ಮೊಬೈಲ್‌ನಲ್ಲಿ ತೆಗೆದ ಚಿತ್ರದಿಂದ ಧೂಮಕೇತುವಿನ ಕಕ್ಷೆಯ ಲೆಕ್ಕಕ್ಕೆ ನೆರವಾಗಬಹುದೇ?
— ಕಾಲೇಜು ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಕಕ್ಷೆಗೆ ಆಗದು. ಅದಕ್ಕೆ ಜಾಗವನ್ನು ಒಂದು ಆರ್ಕ್‌ಸೆಕೆಂಡಿನ, ಎಂದರೆ ಡಿಗ್ರಿಯ 3,600ನೇ ಒಂದು ಪಾಲಿನ ಆಸುಪಾಸಿನಲ್ಲಿ ಅಳೆಯಬೇಕು. ಅದಕ್ಕೆ ದೂರದರ್ಶಕ, ಕ್ಯಾಮೆರಾ, ಸೆಕೆಂಡಿಗೆ ಸರಿಯಾದ ಗಡಿಯಾರ ಬೇಕು. ನಿಮಗೆ ಒಂದು 10×50 (10 ಪಟ್ಟು ಹಿಗ್ಗಿಸುವ, 50 ಮಿ.ಮೀ. ಮಸೂರದ) ಬೈನಾಕ್ಯುಲರ್ ಸಿಕ್ಕರೆ ಬೆಳಕಿನ ಅಳತೆಯಿಂದ ಶುರುಮಾಡಿ. ನಗರದ ದೀಪಗಳಿಂದ ದೂರ, ಕೊಂಡಜ್ಜಿ ಕೆರೆಯ ಕಡೆಗೋ ಆನಗೋಡಿನ ಕಡೆಗೋ ಹೋಗಿ, ಮನೆಯವರು ಜೊತೆಗಿರಲಿ. ಎಂಕೆ ಧೂಮಕೇತು 2027ರ ಫೆಬ್ರುವರಿಯಲ್ಲಿ ಪುರರವಿಯನ್ನು ಮುಟ್ಟಲಿದೆ. ಅದಕ್ಕೆ ಮುಂಚಿನ ಜನವರಿಯ ಸಂಜೆಗಳಲ್ಲಿ ಪಶ್ಚಿಮಕ್ಕೆ ನೋಡಿ. ನಮ್ಮಲ್ಲಿ ಆಗ ಆಕಾಶ ತಿಳಿಯಾಗಿರುತ್ತದೆ. ಅಷ್ಟರೊಳಗೆ ಭರಣಿಯ ಮೂರು ನಕ್ಷತ್ರಗಳನ್ನು ಫೋಕಸ್ ತಪ್ಪಿಸಿ ಹೋಲಿಸುವ ಅಭ್ಯಾಸ ಮಾಡಿಕೊಂಡಿರಿ.