ತಲೆಗೇ ಕಾಲು ಬಂದ ತಾತ

ಪ್ರಶ್ನೆ: ಮಗಳಿಗೆ 4 ವರ್ಷ. ತಾತನನ್ನು ಬರೆದರೆ ದೊಡ್ಡ ತಲೆ, ತಲೆಯಿಂದಲೇ ಎರಡು ಕಾಲು. ಹೊಟ್ಟೆಯೇ ಇಲ್ಲ! ಅದೂ ಬರೀ ಕಪ್ಪು ಬಣ್ಣ. ಮನಸ್ಸಿನಲ್ಲಿ ಭಯವೇನಾದರೂ ಇದೆಯಾ?
– ಒಬ್ಬ ತಾಯಿ, ಕೋಲಾರ

ಉತ್ತರ: ಗಾಬರಿ ಬೇಡಮ್ಮ. 3–4 ವರ್ಷದ ಮಕ್ಕಳು ಮನುಷ್ಯರನ್ನು ಬರೆಯುವುದೇ ಹೀಗೆ, ಥೇಟ್ ಗೊದಮೊಟ್ಟೆ ಥರ. ಆಮೇಲೆ ನಿಧಾನವಾಗಿ ಹೊಟ್ಟೆ ಬರುತ್ತದೆ. ನನ್ನ ಮೊಮ್ಮಗ ಮುಳಬಾಗಿಲು ಬಸ್ ಬರೆದಿದ್ದ. ತಗಡಿನ ಆಚೆಯಿಂದಲೇ ಎಲ್ಲರ ಕಾಲೂ ಕಾಣುತ್ತಿದ್ದವು! ಮಕ್ಕಳು ಕಂಡದ್ದಕ್ಕಿಂತ ಗೊತ್ತಿರುವುದನ್ನು ಬರೆಯುವುದೇ ಜಾಸ್ತಿ. ಫ್ರಾನ್ಸಿನ ವಿದ್ವಾಂಸ ಲ್ಯೂಕೆ 1913ರಲ್ಲೇ ತನ್ನ ಮಗಳ ಚಿತ್ರಗಳನ್ನು ಕೂಡಿಟ್ಟು ಅಧ್ಯಯನ ಮಾಡಿದ್ದರು. ಕಪ್ಪು? ಬಿಳಿ ಹಾಳೆ ಮೇಲೆ ಎದ್ದು ಕಾಣುತ್ತದೆ, ಅಲ್ವಾ? ಡಬ್ಬಿಯಲ್ಲಿ ಮುರಿಯದೆ ಉಳಿದಿದ್ದು ಅದೊಂದೇ ಇರಬಹುದು, ನೋಡಿ. ಒಂದು ಚಿತ್ರದಿಂದ ಮನಸ್ಸು ಓದಲು ಆಗುವುದಿಲ್ಲ. ಊಟ, ನಿದ್ದೆ, ಆಟ ಸರಿಯಿದ್ದರೆ ಸುಮ್ನೆ ಬಿಡಿ. ಹೊಟ್ಟೆ ನೀವು ತಿದ್ದಿ ಸೇರಿಸಬೇಡಿ. ತಾತ ಎಲ್ಲಿಗೆ ಹೊರಟಿದ್ದಾರೆ ಅಂತ ಕೇಳಿ.